ಪ್ಯಾಕಪ್ ಆದ ಮೇಲಿನ ಮನೆ

ಶೂಟಿಂಗಿಗೆ ಮನೆ ಕೊಡುವವರನ್ನೆಲ್ಲ ನಾನು ಬಲ್ಲೆ. ಮೊದಲ ದಿನ ಹಲ್ಲು ಕಿರಿಯುತ್ತಾರೆ, ಮಾರನೆಯ ದಿನ ಮುಖ ಗಂಟಿಕ್ಕುತ್ತಾರೆ, ಆಮೇಲೆ ‘ಯಾವಾಗ ಜಾಗ ಖಾಲಿ ಮಾಡ್ತೀರಿ’ ಅಂತ ನೇರವಾಗಿಯೇ ಕೇಳುತ್ತಾರೆ. ಸಿನಿಮಾಕ್ಕೆ ಮನೆ ಹುಡುಕುವುದು, ಶೂಟಿಂಗ್ ಮುಗಿದ ಮೇಲೆ ಅದನ್ನು ಇದ್ದ ಹಾಗೇ ಒಪ್ಪಿಸುವುದು ನನ್ನ ಕೆಲಸ. ಬೈಸಿಕೊಳ್ಳುವುದೂ ನನ್ನ ಕೆಲಸವೇ.

ಈ ಸಲ ಮನೆ ಕೊಟ್ಟ ಅಕ್ಕ ಮಾತ್ರ ಬೈಯಲೇ ಇಲ್ಲ. ಗಂಡ ತೀರಿಕೊಂಡ ಮೇಲೆ ಆ ಮಹಡಿಮನೆಯಲ್ಲಿ ಒಬ್ಬರೇ ಇದ್ದರು. ನಾವಿದ್ದಷ್ಟು ದಿನ ಜನರೇಟರ್ ಗದ್ದಲದ ನಡುವೆಯೂ ಹಾಯಾಗಿ ನಿದ್ದೆ ಮಾಡಿದರು. ಶೂಟಿಂಗ್ ಮುಗಿದು ಪ್ಯಾಕಪ್ ಆದ ಮೇಲೆ ಶುರುವಾಯಿತು ನೋಡಿ. “ತಮ್ಮಾ, ಗೋಡೆ ಮೇಲೆ ಗೀರು ಬಿದ್ದಿದೆ, ಬಾ.” ಹೋಗಿ ಬಣ್ಣ ಹಚ್ಚಿಸಿದೆ. “ತಮ್ಮಾ, ಚಿಲಕ ಕಿತ್ತು ಬಂದಿದೆ, ಬಾ.” ಅದೂ ಆಯಿತು. ಮತ್ತೆ ಕರೆ ಬಂತು, ಮತ್ತೆ ಹೋದೆ. ಮಟಮಟ ಮಧ್ಯಾಹ್ನ. ಗೋಡೆಯಲ್ಲಿ ಹೊಸ ಗೀರು, ಅಕ್ಕನ ಉಗುರಿನಲ್ಲಿ ಅದೇ ಬಣ್ಣದ ಚೂರು. ನನ್ನ ಪಿತ್ತ ನೆತ್ತಿಗೇರಿತು.

“ಏನಕ್ಕಾ ಇದು? ನೀವೇ ಕೆರೆದು ನನ್ನನ್ನ ಕರೆಸೋದಾ? ನನಗೇನು ಬೇರೆ ಕೆಲಸ ಇಲ್ವಾ?”

ಅಕ್ಕ ಜಗಳಕ್ಕೆ ಬರಲಿಲ್ಲ. “ನೀನು ಕೆಳಗೇ ಇದ್ದೀಯ ಅಂತ ಕಣ್ಣಾರೆ ನೋಡ್ಬೇಕಿತ್ತು,” ಅಂದರು.

“ಅಂದ್ರೆ?”

“ನಿಮ್ಮ ಭಾವ ಹೋದಾಗಿನಿಂದ ಮಹಡಿ ಮೇಲಿಂದ ಅವರ ದನಿ ಕೇಳ್ತಿತ್ತು. ‘ಸ್ವಲ್ಪ ಮೇಲೆ ಬಾ’ ಅಂತ. ಸತ್ತವರು ಕರೆದ್ರೆ ಹೋಗೋದುಂಟಾ? ಕಿವಿ ಮುಚ್ಕೊಂಡು ಕೂತಿರ್ತಿದ್ದೆ. ನೀವೆಲ್ಲ ಬಂದ್ರಿ, ನಿಂತು ಹೋಯ್ತು. ಸದ್ಯ, ಪೀಡೆ ತೊಲಗ್ತು ಅಂದ್ಕೊಂಡೆ.”

“ಮತ್ತೇನು ಕಷ್ಟ?”

“ಅದು ಸುಮ್ಮನಾಗಿರ್ಲಿಲ್ಲ ಕಣೋ, ನಿಮ್ಮ ಮಾತೆಲ್ಲ ಕೇಳಿಸ್ಕೊಳ್ತಿತ್ತು. ಈಗ ನಿನ್ನ ದನೀಲಿ ಕರೆಯುತ್ತೆ. ನೀನು ಬದುಕಿರೋನು. ನಿಜವಾಗ್ಲೂ ಬಂದಿದ್ದೀಯೋ ಏನೋ ಅಂತ ಎದ್ದು ಹೋಗ್ಬಿಡ್ತೀನಿ. ನಿನ್ನೆ ಅರ್ಧ ಮೆಟ್ಟಿಲು ಹತ್ತಿಬಿಟ್ಟಿದ್ದೆ.”

ನನ್ನ ದನಿಯೇನು ಸಾಮಾನ್ಯವೇ? ಯೂನಿಟ್ಟಿನವರೆಲ್ಲ ನನ್ನನ್ನು ಕರೆಯುವುದೇ ಗುಡುಗು ಅಂತ. ಅದನ್ನೇ ಕೇಳಿ ಕೇಳಿ ಇವರ ತಲೆಯೊಳಗೆ ಕೂತಿದೆ, ಪಾಪ, ಅನ್ನಿಸಿತು. ಕೋಪವೆಲ್ಲ ಇಳಿಯಿತು.

“ಏಳಿ ಅಕ್ಕಾ. ಮನೇಲಿ ನನ್ನ ಹೆಂಡ್ತಿ ಇದ್ದಾಳೆ, ಮಕ್ಕಳಿದ್ದಾರೆ. ನಾಲ್ಕು ದಿನ ನಮ್ಮಲ್ಲಿರಿ. ಬೇಡ ಗೀಡ ಅನ್ನಬೇಡಿ, ನಡೀರಿ.”

ಕೈ ಹಿಡಿದು ಎಬ್ಬಿಸಿದೆ. ಅಕ್ಕ ಸಣ್ಣ ಮಗುವಿನ ಹಾಗೆ ಹಿಂದೆಯೇ ಬಂದರು. ಹೊಸ್ತಿಲ ಹತ್ತಿರ ಬಂದಾಗ ಅವರ ಮುಖದಲ್ಲಿ ನಗುವೂ ಕಂಡಿತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅಂಗಳ.

“ಅಕ್ಕಾ! ಎಲ್ಲಿಗೆ ಹೊರಟ್ರಿ?”

ಮಹಡಿಯಿಂದ ಬಂದದ್ದು ನನ್ನದೇ ದನಿ. ಅದೇ ಗುಡುಗು, ಅದೇ ಸಿಡುಕು.

“ನಾನಿಲ್ಲಿ ಮೇಲೆ ಬಣ್ಣ ಹಚ್ತಾ ಇದ್ದೀನಿ,” ಅಂದಿತು ಅದು. “ನಿಮ್ಮ ಕೈ ಹಿಡಿದಿರೋದು ಯಾರು?”

ಅಕ್ಕ ನನ್ನ ಮುಖವನ್ನೇ ದಿಟ್ಟಿಸಿದರು. ‘ನಾನು ಅಕ್ಕಾ, ನಾನೇ’ ಅನ್ನಬೇಕು. ಬಾಯಿ ತೆರೆದೆ. ಭಯಕ್ಕೆ ನನ್ನ ಗುಡುಗೆಲ್ಲ ಅಡಗಿ, ಯಾರದೋ ಕೀರಲು ದನಿ ಹೊರಬಂತು. ಅವರ ಬೆರಳುಗಳು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡವು.

“ಬಂದೆ ತಮ್ಮಾ!” ಅಂತ ಕೂಗುತ್ತ ಅಕ್ಕ ಮೆಟ್ಟಿಲ ಕಡೆಗೆ ಓಡಿದರು.