ಹುಟ್ಟುಗೋಲಿನ ಮೇಲೆ ಹಲ್ಲಿನ ಗುರುತು

ಎಮೆರಿತಾಳ ಕಿವಿ ಹೋಗಿ ಎರಡು ವರ್ಷವಾಗಿತ್ತು. ಊರಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗಲು ಅವಳು ಬಿಟ್ಟರೆ ತಾನೇ! ಎದುರಿಗೆ ಕೂತವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಹಿಡಿತಕ್ಕೆ ಸಿಗದಿದ್ದರೆ ತಾನೇ ನಾಲ್ಕು ಮಾತು ಜಾಸ್ತಿ ಆಡಿ ಅವರ ಬಾಯಿ ಮುಚ್ಚಿಸುತ್ತಿದ್ದಳು. ಮೊದಲಿಂದಲೂ ಬಾಯಿಬಡುಕಿ ಅಂತ ಹೆಸರಾದವಳು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಗುಟ್ಟು ತಿಳಿದವನು ಊರ ಸಮಿತಿಯ ಅಧ್ಯಕ್ಷ ಉಲ್ಪಿಯಾನೋ ಒಬ್ಬನೇ. ಅವನ ಮಗಳ ಜ್ಞಾನಸ್ನಾನಕ್ಕೆ ಎಮೆರಿತಾ ಧರ್ಮತಾಯಿಯಾಗಿ ನಿಂತಂದಿನಿಂದ ಅವನು ಅವಳಿಗೆ ಕೊಂಪಾದ್ರೆ, ಇವಳು ಅವನಿಗೆ ಕೊಮಾದ್ರೆ. ಆ ನಂಟಿನವರು ಒಬ್ಬರ ಗುಟ್ಟು ಒಬ್ಬರು ಬಿಟ್ಟುಕೊಡುವುದಿಲ್ಲ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಶಾಲೆಯ ಚಪ್ಪರದಲ್ಲಿ ಅಣೆಕಟ್ಟಿನ ಸಭೆ ಸೇರಿತು. ನದಿಯ ಮೇಲ್ಗಡೆ ಕಂಪನಿಯೊಂದು ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುತ್ತಿತ್ತು. ಅದರಿಂದ ನದಿಗೆ ಆಗುವ ಹಾನಿಯನ್ನು ಹೀಗೆ ಹೀಗೆ ತಗ್ಗಿಸುತ್ತೇವೆ ಎಂದು ಇನ್ನೂರು ಪುಟದ ಯೋಜನೆ ಬರೆದಿದ್ದರು. ಊರವರ ತಕರಾರು ಕೇಳಲು ಅದೇ ಕೊನೆಯ ದಿನ. ಅರವತ್ತೊಂದನೇ ಪುಟದಲ್ಲಿ ಒಂದು ಸಾಲಿತ್ತು: ಅಗೆದ ಮಣ್ಣನ್ನು ಗ್ವಾರುಮೋ ಹಳ್ಳ ನದಿಗೆ ಸೇರುವ ಕಡೆ ಸುರಿಯಲಾಗುವುದು, ಅಲ್ಲಿ ಮೀನು ಮೊಟ್ಟೆಯಿಡುವುದಿಲ್ಲ.

ಮೊಟ್ಟೆಯಿಡುವುದಿಲ್ಲವಂತೆ! ಆ ಹಳ್ಳದ ಬಾಯಲ್ಲಿ ಬೊಕಚಿಕೋ ಮೀನು ಮೊಟ್ಟೆಯಿಡಲು ಬಂದು ಕೂಗುವ ದಿನಗಳಲ್ಲಿ ಬಲೆ ಬೀಸಿದವರಿಗೆ ಎಮೆರಿತಾಳ ತಾಯಿ, ಈಗ ಮಗಳ ಕೈಗೆ ಬಂದಿರುವ ದೋಣಿಯ ಹುಟ್ಟುಗೋಲಿನಿಂದಲೇ ಬಾರಿಸಿದ್ದುಂಟು. ಊರಿನ ವರ್ಷದ ಮೀನೆಲ್ಲ ಹುಟ್ಟುವುದೇ ಅಲ್ಲಿ. ಆ ಸಾಲು ಇವತ್ತು ಅಳಿಯದಿದ್ದರೆ ನಾಳೆ ಅಲ್ಲಿ ಮಣ್ಣು.

ಕಂಪನಿಯ ಇಂಜಿನಿಯರ್ ಬೆರ್ರಿಯೋ ಮೈಕನ್ನು ಬಾಯಿಗೆ ಒತ್ತಿಕೊಂಡು ಮಾತು ಶುರುಮಾಡಿದ. ಮುಂದಿನ ಸಾಲಿನಲ್ಲಿ ಕೂತಿದ್ದರೂ ಎಮೆರಿತಾಳಿಗೆ ಅವನ ತುಟಿ ಕಾಣಲಿಲ್ಲ.

"ಆ ಬುರುಡೆ ಬಾಯಿಂದ ಆಚೆ ತೆಗಿಯಪ್ಪಾ! ಮುಖ ಮುಚ್ಕೊಂಡು ಮಾತಾಡೋನು ಕಳ್ಳ!"

ಊರವರು ಚಪ್ಪಾಳೆ ತಟ್ಟಿದರು. ಅವನು ನಕ್ಕು ಮೈಕು ಕೆಳಗಿಟ್ಟ. ಪಾಪ, ಒಳ್ಳೆಯವನೇ.

ಆಮೇಲೆ ಕೋಳಿ ಹಾಕಿದ ಅನ್ನ ಬಂತು, ಅದರ ಹಿಂದೆಯೇ ಹಾಜರಿ ಹಾಳೆ ಬಂತು. ಹಿಂದೊಮ್ಮೆ ಹಾಜರಿಗೆಂದು ಹಾಕಿದ ರುಜುಗಳು ಒಪ್ಪಿಗೆಯ ರುಜುಗಳಾಗಿ ಕಡತ ಸೇರಿದ್ದವು. ಅಂದಿನಿಂದ ಊರವರು ಕೋಳಿ ತಿನ್ನುತ್ತಾರೆ, ಪೆನ್ನು ಮುಟ್ಟುವುದಿಲ್ಲ. ಹಾಳೆ ಖಾಲಿಯಾಗಿಯೇ ಸುತ್ತು ಮುಗಿಸಿತು.

"ದೋನ್ಯಾ ಎಮೆರಿತಾ, ಜನವರಿಯಲ್ಲಿ ಮೂರು ದಿನ ನೀರಿನೊಳಗೆ ಸದ್ದು ಹಿಡಿಯೋ ಯಂತ್ರ ಇಟ್ಟಿದ್ವಿ. ಮೀನಿಂದು ಒಂದು ಸದ್ದೂ ಬರ್ಲಿಲ್ಲ," ಎಂದ ಬೆರ್ರಿಯೋ.

"ಉಪವಾಸದ ತಿಂಗಳಲ್ಲಿ ಬಂದು ಮದುವೆ ಊಟ ಎಲ್ಲಿ ಅಂದಂಗಾಯ್ತು! ನೀರು ಏರಿದಾಗ ಅಲ್ವೇನೋ ಗಂಡು ಹೆಣ್ಣನ್ನ ಕರಿಯೋದು? ಇವತ್ತು ಏರಿದೆ, ನೋಡು ಹೋಗು."

"ಅಲ್ಲಿ ಸದ್ದು ಕೇಳಿದವರು ಯಾರು?"

"ನಾನು," ಎಂದಳು ಎಮೆರಿತಾ. ಉಲ್ಪಿಯಾನೋ ತಲೆ ತಗ್ಗಿಸಿ ಟೋಪಿಯ ಅಂಚು ನೋಡತೊಡಗಿದ.

ಸರ್ಕಾರದ ಪರಿಸರ ಇಲಾಖೆಯಿಂದ ಬಂದಿದ್ದ ಯಾದಿರಾ ಎದ್ದು ನಿಂತಳು. ಸಾಲು ಉಳಿಸುವುದೂ ಅಳಿಸುವುದೂ ಆ ಹುಡುಗಿಯ ಕೈಯಲ್ಲಿತ್ತು. "ಸಂಜೆ ನಾನೇ ಬರ್ತೀನಿ. ನನಗೆ ಸದ್ದು ಕೇಳ್ಸಿದ್ರೆ ಅಳಿಸ್ತೀನಿ. ಇಲ್ದಿದ್ರೆ ಸಾಲು ಹಾಗೇ ಇರುತ್ತೆ, ಬೇಜಾರು ಮಾಡ್ಕೋಬೇಡಿ."

ಹೊತ್ತು ಇಳಿಯುವಾಗ ಇಬ್ಬರೇ ದೋಣಿಯಲ್ಲಿ ಹಳ್ಳದ ಬಾಯಿಗೆ ಬಂದರು. ಯಾದಿರಾ ಮುಂದೆ, ಬೆನ್ನು ಹಾಕಿ ಕೂತಿದ್ದಳು. ಹಿಂದೆ ಕೂತ ಎಮೆರಿತಾಳ ಎದೆಯಲ್ಲಿ ಯಾರಿಗೂ ಹೇಳದ ಇನ್ನೊಂದು ಭಯವಿತ್ತು. ಹೋದ ವರ್ಷ ಇಲ್ಲಿ ಅವಳಿಗೆ ಮೀನಿನ ಸುಳಿವು ಒಂದಿಷ್ಟೂ ಸಿಕ್ಕಿರಲಿಲ್ಲ. ಮೀನು ಬಂದಿರಲಿಲ್ಲವೋ, ತಾನೇ ಪೂರ್ತಿ ಕೆಟ್ಟುಹೋಗಿದ್ದೇನೆಯೋ ಎಂದು ವರ್ಷವಿಡೀ ಕೊರಗಿದ್ದಳು. ಉಲ್ಪಿಯಾನೋಗೂ ಬಾಯಿ ಬಿಟ್ಟಿರಲಿಲ್ಲ.

ಯಾದಿರಾ ತಟ್ಟನೆ ಹಿಂದಕ್ಕೆ ತಿರುಗಿದಳು. "ದೋನ್ಯಾ, ಮೂರು ಸಲ ಕೇಳಿದೆ, ಎಲ್ಲಿ ಕಿವಿಗೊಡಬೇಕು ಅಂತ. ನಿಮಗೆ... ನಿಮಗೆ ಕಿವಿ ಕೇಳ್ಸಲ್ವಾ?"

ಆ ಮಾತನ್ನು ಎಮೆರಿತಾ ತುಟಿಯ ಮೇಲೆ ಓದಿದಳು. ಸುಳ್ಳು ಹೇಳಲು ಬಾಯಿ ತೆರೆದಳು, ಬರಲಿಲ್ಲ.

"ಇಲ್ಲ ಮಗಳೇ. ಎರಡು ವರ್ಷ ಆಯ್ತು."

"ಅಯ್ಯೋ! ಮತ್ತೆ ಸಭೇಲಿ ಎಲ್ಲರ ಮುಂದೆ ಕೇಳಿದೀನಿ ಅಂದ್ರಿ?"

"ಕೇಳಿದೀನಿ ಅಂದೆ. ಕಿವಿಯಿಂದ ಅಂದ್ನಾ?"

ಹುಟ್ಟುಗೋಲಿನ ಅಗಲದ ತುದಿಯನ್ನು ನೀರಿಗೆ ಇಳಿಬಿಟ್ಟು ಹಿಡಿಯ ಕಡೆಯನ್ನು ಕಚ್ಚಿದಳು. ಕಣ್ಣು ಮುಚ್ಚಿದಳು. ಏನೂ ಇಲ್ಲ. ನೀರು ಹರಿಯುವ ನಡುಕ ಬಿಟ್ಟರೆ ಏನೂ ಇಲ್ಲ. ತಾಯೀ, ನನ್ನ ಮಾನ ಕಳೀಬೇಡ ಎಂದು ನದಿಯನ್ನು ಬೇಡಿಕೊಂಡಳು. ದೋಣಿ ಒಂದಿಷ್ಟು ದಡದ ಕಡೆ ಸರಿಯಿತು.

ಗೊರ್ರ್. ದವಡೆಯಲ್ಲಿ ಒಂದು ಕಂಪನ. ಗೊರ್ರ್, ಗೊರ್ರ್. ಆಮೇಲೆ ಒಂದರ ಮೇಲೊಂದು ಏರಿ ತಲೆಬುರುಡೆಯೆಲ್ಲ ತುಂಬಿಕೊಂಡಿತು. ಎಮೆರಿತಾ ಅತ್ತಳು. ಬಂದಿದ್ದವು, ಎಲ್ಲ ಬಂದಿದ್ದವು! ಹಿಡಿಯನ್ನು ಲಂಗದ ಅಂಚಿಗೆ ಒರೆಸಿ ಮುಂದೆ ಚಾಚಿದಳು.

"ಕಚ್ಚು."

"ನಾನಾ?"

"ಮತ್ಯಾರು, ನಿಮ್ಮಪ್ಪನಾ? ಗಟ್ಟಿಯಾಗಿ ಕಚ್ಚು, ಜೋಳದ ತೆನೆ ಕಚ್ಚಿದಂಗೆ!"

ಯಾದಿರಾ ಅಂಜುತ್ತಲೇ ಕಚ್ಚಿದಳು. ಅವಳ ಕಣ್ಣು ಅಗಲವಾದವು. ಬಹಳ ಹೊತ್ತು ಬಿಡಲೇ ಇಲ್ಲ; ಕೊನೆಗೆ ಎಮೆರಿತಾಳೇ ಕಿತ್ತುಕೊಳ್ಳಬೇಕಾಯಿತು.

ಚಪ್ಪರದಲ್ಲಿ ಊರೇ ಕಾದಿತ್ತು. ಯಾದಿರಾ ಅರವತ್ತೊಂದನೇ ಪುಟ ತೆಗೆದು ಆ ಸಾಲಿನ ಮೇಲೆ ಗೀಟು ಎಳೆದಳು. ಮಣ್ಣಿಗೆ ಬೇರೆ ಜಾಗ ಹುಡುಕಬೇಕೆಂದು ಪಕ್ಕದಲ್ಲಿ ಬರೆದು ತನ್ನ ಹೆಸರು ಹಾಕಿದಳು. ಬೆರ್ರಿಯೋ ಪುಟ ನೋಡಿ ತಲೆ ಕೆರೆದುಕೊಂಡ.

"ಆಯ್ತು ದೋನ್ಯಾ, ಗೆದ್ರಿ. ಈಗಲಾದ್ರೂ ಹಾಜರಿ ಹಾಳೆಗೆ ಒಂದು ರುಜು?"

ಎಮೆರಿತಾ ಹುಟ್ಟುಗೋಲನ್ನು ಅವನ ಮೂಗಿನ ಮುಂದೆ ಹಿಡಿದಳು. "ಇಗೋ, ಹಾಕಿದೀನಿ. ಇದು ನನ್ನ ಆರು ಹಲ್ಲಿಂದು. ಪಕ್ಕದಲ್ಲಿರೋದು ಇಲಾಖೆಯೋರದ್ದು."

ಅವಳ ಬೆನ್ನ ಹಿಂದಿನಿಂದ ಉಲ್ಪಿಯಾನೋ ಏನೋ ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು ಕಂಡಿತು. ಬೇರೆ ದಿನವಾಗಿದ್ದರೆ ಅವಳೂ ಸುಮ್ಮನೆ ಜೊತೆಗೆ ನಕ್ಕುಬಿಡುತ್ತಿದ್ದಳು. ಇವತ್ತು ತಿರುಗಿ ನಿಂತಳು.

"ಏನಂದೆ ಕೊಂಪಾದ್ರೆ? ಮುಂದೆ ಬಂದು ಹೇಳು. ನನಗೆ ಕಿವಿ ಕೇಳಲ್ಲ."

ಉಲ್ಪಿಯಾನೋ ಟೋಪಿ ತೆಗೆದು ಕೈಯಲ್ಲಿ ಹಿಡಿದು ಅವಳ ಎದುರಿಗೆ ಬಂದು ನಿಂತ. ಅದೇ ತಮಾಷೆಯನ್ನು ನಿಧಾನವಾಗಿ, ತುಟಿ ಬಿಡಿಸಿ, ಮತ್ತೆ ಮೊದಲಿಂದ ಹೇಳಿದ.