ಆರು ಜೊತೆ ಕೈಗವಸು

ನನ್ನ ಹೆಂಡತಿ ಹುಲ್ಡಾ ಸತ್ತು ಎರಡು ದಿನವಾಗಿತ್ತು. ಹೆಣದ ಪೆಟ್ಟಿಗೆ ನಡುಮನೆಯಲ್ಲಿ ಎರಡು ಕುರ್ಚಿಗಳ ಮೇಲಿತ್ತು. ಹೊರಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ತಪ್ಪು ನನ್ನದೇ ಅನ್ನಿ. ಅಮೆರಿಕದ ನಮ್ಮ ಕನೆಕ್ಟಿಕಟ್ ಕಡೆ ಹೆಣ ಹೊರುವವರಿಗೆ ಮೊದಲು ಕೈಗವಸು ಕಳಿಸುತ್ತೇವೆ, ಅದೇ ಕರೆ. ಹುಲ್ಡಾ ಕಾಯಿಲೆ ಬಿದ್ದು ಮಲಗಿದ್ದಲ್ಲೇ ಆರು ಜೊತೆ ಹೊಲಿದಿಟ್ಟಿದ್ದಳು. ಆದರೆ ಈ ಚಳಿಗಾಲ ಊರಿಗೊಂದು ಸಮಿತಿ ಬಂದಿತ್ತು. ನಮ್ಮನ್ನಾಳುವ ಇಂಗ್ಲೆಂಡಿನ ದೊರೆಯ ಮೇಲೆ ಹಟಕ್ಕೆ ಬಿದ್ದು ಅಲ್ಲಿನ ಸರಕು ಬೇಡ ಎಂದವರು, ಸಾವಿನ ಮನೆಯ ಗವಸೂ ದುಂದು ಎಂದು ಕಾಗದದಲ್ಲಿ ಬರೆದು ಮನೆಮನೆಯಲ್ಲೂ ಸಹಿ ಹಾಕಿಸಿದರು. ನಾನು ಹಾಕಿರಲಿಲ್ಲ. ದೊರೆಗೆ ನಿಷ್ಠನಾಗಿರುತ್ತೇನೆಂದು ಬೈಬಲ್ ಮುಟ್ಟಿ ಪ್ರಮಾಣ ಮಾಡಿದವನು. ನನಗಿರುವುದು ಒಂದೇ ನಾಲಿಗೆ. ಗವಸು ಕಳಿಸಿಯೇ ಕಳಿಸಿದೆ. ಸಂಜೆಯೊಳಗೆ ಆರೂ ಜೊತೆ ವಾಪಸ್ಸು ಬಂದವು.

ಮೂರನೆಯ ಬೆಳಿಗ್ಗೆ ಸಮಿತಿಯ ಮುಖ್ಯಸ್ಥ ಅಸಾಹೆಲ್ ಬೀಬ್ ಬಂದ. ಮೂವತ್ತು ವರ್ಷ ಬೇಲಿಯಾಚೆ ಬಾಳಿದ ಗೆಳೆಯ. ಹೊಸಿಲಲ್ಲೇ ನಿಂತು ಕಾಗದ ಚಾಚಿದ.

"ತಪ್ಪಾಯ್ತು ಅಂತ ಒಂದು ಸಹಿ ಹಾಕ್ಬಿಡು ಜೋಥಮ್. ಮಧ್ಯಾಹ್ನಕ್ಕೆ ಆರು ಜನಾನ ನಾನೇ ಕರ್ಕೊಂಡ್ ಬರ್ತೀನಿ."

"ಹಾಕ್ದೇ ಇದ್ರೆ?"

"ಊರಲ್ಲಿ ಯಾರೂ ನಿನ್ ಜತೆ ಮಾತಾಡೋ ಹಾಗಿಲ್ಲ, ಕೈ ಜೋಡ್ಸೋ ಹಾಗಿಲ್ಲ."

"ಈಗ ಮಾತಾಡ್ತಿದೀಯಲ್ಲ, ತಪ್ಪು ಮಾಡ್ದೋರಲ್ಲಿ ಮೊದ್ಲು ನಿನ್ ಹೆಸರು ಬರ್ಕೊ!"

ಅವನು ನಗಲಿಲ್ಲ. "ನನ್ ಮೂರೂ ಮಕ್ಕಳ ಹೆರಿಗೆ ಮಾಡ್ಸಿದ್ದು ಹುಲ್ಡಾನೇ ಕಣಯ್ಯ. ನಂದೇನು ಕಲ್ಲೆದೆ ಅಂದ್ಕೊಂಡ್ಯಾ?"

"ಹಾಗಾದ್ರೆ ಎತ್ತು. ಒಂದ್ ಕಡೆ ನೀನು, ಒಂದ್ ಕಡೆ ನಾನು."

ಅವನು ಪೆಟ್ಟಿಗೆಯನ್ನು ನೋಡಿದ, ಬೀದಿಯನ್ನು ನೋಡಿದ. ಒಳಗೆ ಕಾಲಿಡಲಿಲ್ಲ.

ಗುಡ್ಡದ ಮೇಲೆ ಚರ್ಚಿನ ಅಂಗಳದಲ್ಲಿ ನಮ್ಮ ಇಬ್ಬರು ಮಕ್ಕಳು ಮಣ್ಣಾಗಿದ್ದಾರೆ. ಅವರ ನಡುವೆ ಮಲಗಿಸು ಎಂದಿದ್ದಳು ಹುಲ್ಡಾ, ಕೇಳಿದ್ದು ಅದೊಂದನ್ನೇ. ಅರವತ್ತೆಂಟು ವರ್ಷದವನು, ಆ ಹಿಮದಲ್ಲಿ ಒಬ್ಬನೇ ಹೇಗೆ ಹೊರಲಿ? ದೊರೆ ಬಂದು ಹೆಗಲು ಕೊಡುತ್ತಾನೆಯೇ? ಸಾಕಾಗಿತ್ತು, ನಿಜವಾಗಿಯೂ ಸಾಕಾಗಿಹೋಗಿತ್ತು.

"ಮಸಿ ತಂದಿದೀಯಾ? ನಂದು ಹೆಪ್ಪುಗಟ್ಟಿದೆ," ಎಂದೆ.

ಸಹಿ ಹಾಕಿದೆ. ಅವನು ಹೋದ ಮೇಲೆ ಮುಚ್ಚಳ ತೆಗೆದು, ಆರೂ ಜೊತೆ ಗವಸನ್ನು ಅವಳ ಕಾಲ ಬಳಿ ಇಟ್ಟು ಮೊಳೆ ಹೊಡೆದೆ. ನಿಷೇಧದ ಮಾಲನ್ನು ಸಮಿತಿಯವರೇ ಹೊರಲಿ ಎಂಬ ಸಿಟ್ಟು.

ಮಧ್ಯಾಹ್ನ ಆರು ಜನ ಬರಿಗೈಯಲ್ಲಿ ಹೊತ್ತರು. ಮುಂದಿನ ಹೆಗಲು ಅಸಾಹೆಲನದು. ಗುಂಡಿಯ ಬಳಿ ಅವನು ಮೊದಲು ನನ್ನ ತಪ್ಪೊಪ್ಪಿಗೆ ಓದಿದ, ಪ್ರಾರ್ಥನೆ ಆಮೇಲೆ. ಬೆರಳೆಲ್ಲ ನೀಲಿಗಟ್ಟಿ ಅವನಿಗೆ ಕಾಗದ ಮಡಚಲೂ ಬರಲಿಲ್ಲ. ನಾನೇ ಮಡಚಿ ಕೊಟ್ಟೆ.

"ಭಾರ ಇದ್ಲು ಕಣಯ್ಯ," ಎಂದ ಮೆಲ್ಲಗೆ, ಮೂಗು ಒರೆಸಿಕೊಳ್ಳುತ್ತ.

ಹುಲ್ಡಾ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಅವನ ಕೈಯನ್ನೇ ನೋಡುತ್ತ ನಿಂತೆ. ಒಂದು ಜೊತೆ ಗವಸನ್ನಾದರೂ ಅವನಿಗೆಂದು ಹೊರಗಿಟ್ಟುಕೊಳ್ಳಬೇಕಿತ್ತು.