ರೊಟ್ಟಿ ಬಡಿಯುವ ಎತ್ತರ

ನಾನು ಮಾಡಿಕೊಡುವ ಅಡುಗೆಮನೆಯಲ್ಲಿ ಯಾವ ಹೆಂಗಸೂ ನೆಲಕ್ಕೆ ಕೂತು ಕೆಲಸ ಮಾಡಬಾರದು. ಇದು ನನ್ನ ಹಟ. ರಾಯಚೂರಿನಲ್ಲಿ ಮನೆಗಳ ಒಳಾಂಗಣ ವಿನ್ಯಾಸದ ಕೆಲಸ ಶುರು ಮಾಡಿದ ದಿನದಿಂದಲೂ ಇದನ್ನು ಬಿಟ್ಟುಕೊಟ್ಟಿಲ್ಲ. ನನ್ನವ್ವ ಬಂಡೆಮ್ಮ ಗುಂಜಹಳ್ಳಿಯಲ್ಲಿ ನಲವತ್ತು ವರ್ಷ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಎರಡೂ ಮೊಣಕಾಲು ಸವೆಸಿಕೊಂಡವಳು. ಅದನ್ನು ನೋಡುತ್ತಲೇ ಬೆಳೆದ ನಾನು ಒಂದೇ ಒಂದು ರೊಟ್ಟಿ ಬಡಿಯುವುದನ್ನೂ ಕಲಿಯಲಿಲ್ಲ. ತಿನ್ನುವುದರಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ.

ಇಲ್ಲಿಯವರೆಗೆ ಇಪ್ಪತ್ತಮೂರು ಅಡುಗೆಮನೆ ಮಾಡಿದ್ದೆ. ಎಲ್ಲದರ ಕಟ್ಟೆಯೂ ನೆಲದಿಂದ ಮೂವತ್ತನಾಲ್ಕು ಇಂಚು, ಹೈದರಾಬಾದಿನ ಕ್ಯಾಟಲಾಗಿನಲ್ಲಿ ಇದ್ದ ಹಾಗೆ. ಅಡುಗೆಮನೆ ಬಿಟ್ಟರೆ ಜನ ನನ್ನಿಂದ ಮಾಡಿಸಿಕೊಂಡದ್ದು ಟಿವಿ ಗೋಡೆಗಳನ್ನು. ಹೊಳೆಯುವ ಹಲಗೆ, ಅದರ ಹಿಂದೆ ನೀಲಿ ದೀಪ, ಪಕ್ಕದಲ್ಲಿ ಯಾರೂ ಮುಟ್ಟದ ಗಾಜಿನ ಶೋಕೇಸು. ಮಾಡಿ ಮಾಡಿ ನನಗೆ ಸಾಕಾಗಿತ್ತು. ಒಂದು ಇಡೀ ಮನೆಯನ್ನು, ಹೊಸ್ತಿಲಿನಿಂದ ಹಿತ್ತಲಿನವರೆಗೆ, ನನ್ನ ಕೈಗೆ ಕೊಟ್ಟವರು ಒಬ್ಬರೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಮಾನ್ವಿಯಿಂದ ನೇತ್ರಾವತಿ ಅನ್ನುವವರು ಫೋನ್ ಮಾಡಿದರು. ಅಕ್ಕಿ ಗಿರಣಿಯ ಮನೆತನ. ಗಿರಣಿಯನ್ನು ತಾವೇ ನಡೆಸುತ್ತಾರೆ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಚೀಕಲಪರ್ವಿ ಹತ್ರ ಹೊಲದಾಗ ಮನಿ ಕಟ್ಟಸಾಕತ್ತೀವಿ. ಗ್ವಾಡಿ ಎದ್ದಾವ, ಮ್ಯಾಲ ಸ್ಲ್ಯಾಬ್ ಬಿದ್ದದ. ಒಳಗಿಂದೆಲ್ಲಾ ನೀವ ನೋಡ್ಬೇಕು. ಆದ್ರ ಮೊದಲ ನೀವು ಮಾಡಿದ್ದು ಒಂದು ಮನಿ ನಾ ಕಣ್ಣಿಲೆ ನೋಡ್ಬೇಕು."

ಫೋನ್ ಇಟ್ಟ ಮೇಲೆ ಎರಡು ದಿನ ನನಗೆ ಬೇರೆ ಕೆಲಸವೇ ಆಗಲಿಲ್ಲ. ಆ ಮನೆಯ ಪಡಸಾಲೆಗೆ ಶಹಾಬಾದಿ ಕಲ್ಲು ಹಾಸಿದೆ, ತುಂಗಭದ್ರೆಯ ಕಡೆಗೆ ಅಗಲವಾದ ಕಿಟಕಿ ಇಟ್ಟೆ, ಕಿಟಕಿಯ ಕೆಳಗೆ ಕಂಬಳಿ ಹಾಸಿದ ಕಟ್ಟೆ ಮಾಡಿದೆ, ಎಲ್ಲವೂ ತಲೆಯೊಳಗೆ. ನೀಲಿ ದೀಪ ಒಂದೂ ಇರಲಿಲ್ಲ. ಈ ಕೆಲಸ ನನಗೆ ಬೇಕೇ ಬೇಕು ಅನಿಸಿತ್ತು.

ಅವರಿಗೆ ತೋರಿಸಲು ಅನ್ನಮ್ಮನವರ ಮನೆ ಇತ್ತು. ಅನ್ನಮ್ಮ ದೇವದುರ್ಗದ ಹೆಣ್ಣುಮಗಳು, ರಾಯಚೂರಿನ ವ್ಯಾಪಾರಿ ಗಡಿಗೆಪ್ಪನವರ ಹೆಂಡತಿ. ಆರು ತಿಂಗಳ ಹಿಂದೆ ಅವರ ಹೊಸ ಮನೆಯ ಪಡಸಾಲೆ ಮತ್ತು ಅಡುಗೆಮನೆ ಮಾಡಿದ್ದೆ. ಅವರ ತಾಯಿ ಹೊಲಿದ ಕೌದಿಯನ್ನು ದಿವಾನದ ಮೇಲೆ ಹಾಸಿದ್ದೆ. ಪೂಜೆಯ ಸಾಮಾನಿಗೆ, ವಿಭೂತಿಗೆ, ಹಳೆಯ ಮನೆಗಳಲ್ಲಿ ಇರುವಂಥ ಮಾಡವನ್ನು ಗೋಡೆಯಲ್ಲೇ ಕೊರೆಸಿದ್ದೆ. ಅಡುಗೆಮನೆಯಂತೂ ಹಸಿರು ಬಾಗಿಲುಗಳ, ಕರಿಕಲ್ಲಿನ ಕಟ್ಟೆಯ ಚೆಂದದ ಅಡುಗೆಮನೆ. ಅದರ ಫೋಟೋವನ್ನು ಕಂಡಕಂಡವರಿಗೆಲ್ಲ ತೋರಿಸಿದ್ದೆ.

ಆ ಕಟ್ಟೆ ಕೂರಿಸುವಾಗ ಬಡಿಗ ಜಹೀರುದ್ದೀನ್ ಚಾಚಾ ಒಂದು ಮಾತು ಅಂದಿದ್ದ. "ಮೇಡಂ, ಅಮ್ಮಾರು ಜರಾ ಗಿಡ್ಡ ಅದಾರ. ಕಟ್ಟಿ ಇಳಸೋಣೇನು?"

"ಚಾಚಾ, ಅಳತಿ ನಂದು, ಕೆಲಸ ನಿಂದು," ಅಂದಿದ್ದೆ. ಅವನು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಮೂವತ್ತನಾಲ್ಕಕ್ಕೇ ಕೂರಿಸಿದ್ದ. ನನ್ನ ಬಾಯಿ ಸ್ವಲ್ಪ ಜೋರು.

ಹನ್ನೊಂದಕ್ಕೆ ಬರುತ್ತೇವೆಂದು ಅನ್ನಮ್ಮನವರಿಗೆ ಹೇಳಿದ್ದೆ. ನೇತ್ರಾವತಿಯವರು ಮಾನ್ವಿಯಿಂದ ಬೇಗ ಬಂದುಬಿಟ್ಟದ್ದರಿಂದ ಹತ್ತಕ್ಕೇ ಹೋದೆವು. ನೇತ್ರಾವತಿ ಐವತ್ತು ದಾಟಿದ, ಬಹಳ ಎತ್ತರದ ಹೆಂಗಸು. ಬಾಗಿಲು ತೆರೆದಿತ್ತು. ಕೌದಿಯನ್ನು ಮುಟ್ಟಿ ನೋಡಿದರು, ಮಾಡದೊಳಗೆ ಬಗ್ಗಿ ನೋಡಿದರು, ಎರಡಕ್ಕೂ ತಲೆ ಆಡಿಸಿದರು. ಅಡುಗೆಮನೆಗೆ ಹೋದೆವು. ಕಟ್ಟೆಯ ಮೇಲೆ ಒಂದು ಕಾಳೂ ಇರಲಿಲ್ಲ. ನನಗೆ ಹೆಮ್ಮೆಯಾಯಿತು. ಅವರು ಕಲ್ಲಿನ ಮೇಲೆ ಬೆರಳು ಎಳೆದರು.

"ಇಷ್ಟೊತ್ತಿಗೆ ಒಂದು ಚೂರು ಹಿಟ್ಟಿನ ಧೂಳೂ ಇಲ್ಲಲ್ರೀ. ಈ ಮನ್ಯಾಗ ರೊಟ್ಟಿ ಎಲ್ಲಿ ಮಾಡ್ತಾರ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿತ್ತಲ ಕಡೆಯಿಂದ ಪಟ ಪಟ ಪಟ ಎಂದು ಸದ್ದು ಬಂತು. ಗುಂಜಹಳ್ಳಿಯಲ್ಲಿ ಪ್ರತಿ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದ ಸದ್ದು ಅದು. ಹಿಂದಿನ ಬಾಗಿಲು ತೆರೆದೆ. ಬಟ್ಟೆ ಒಗೆಯುವ ಮಷಿನ್ನಿಗೂ ಗೋಡೆಗೂ ನಡುವೆ, ಗೋಣಿತಾಟಿನ ಮೇಲೆ ಅನ್ನಮ್ಮ ಕೂತಿದ್ದರು. ಮುಂದೆ ಒಂಟಿ ಒಲೆಯ ಗ್ಯಾಸು, ಹಂಚು, ರೊಟ್ಟಿ ಬಡಿಯುವ ಮರದ ಹಲಗೆ. ಪಕ್ಕದ ಬುಟ್ಟಿಯಲ್ಲಿ ರೊಟ್ಟಿಗಳು ಹಬೆಯಾಡುತ್ತಿದ್ದವು. ನಮ್ಮನ್ನು ಕಂಡದ್ದೇ ಗಡಬಡಿಸಿ ಎದ್ದು ಹಿಟ್ಟಿನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. "ಅಮ್ಮಾರ, ಇದೇನ್ರಿ ಇದು? ಅಂಥಾ ಅಡಗಿಮನಿ ಬಿಟ್ಟು ಮಷಿನ್ ಸಂದ್ಯಾಗ ಕುಂತೀರಲ್ಲ!"

"ಸಿಟ್ಟಾಗಬ್ಯಾಡ ತಂಗಿ. ಸಾರು, ಪಲ್ಯ, ಚಹಾ ಎಲ್ಲಾ ಅಲ್ಲೇ ಮಾಡ್ತೀನಿ. ರೊಟ್ಟಿ ಅಷ್ಟ ಇಲ್ಲಿ."

"ಯಾಕ್ರಿ?"

ಅವರು ನೇತ್ರಾವತಿಯವರ ಮುಖ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದರು. "ಅಲ್ಲಿ ನಿಂತು ಬಡದ್ರ ಅಂಚು ಹರೀತದವ್ವ. ಹಲಗಿ ಎದಿಮಟ ಬರ್ತದ, ಕೈಗೆ ಜೋರ ಬರಂಗಿಲ್ಲ. ಮೊದಲ ಎಂಟು ದಿನ ಒಂದ ರೊಟ್ಟಿನೂ ನೆಟ್ಟಗ ಬರಲಿಲ್ಲ. ಹತ್ತು ವರ್ಷದಾಕಿ ಇದ್ದಾಗಿಂದ ಬಡದಾಕಿ ನಾ. ವಯಸ್ಸಾತು, ನನ್ನ ಕೈಯಾಗಿನ ಹದಾನ ಹೋತು ಅಂತ ಒಬ್ಬಾಕಿನ ಕುಂತು ಅತ್ತೆ. ಮ್ಯಾಲೊಂದಿನ ಸುಮ್ನ ಇಲ್ಲಿ ಕುಂತು ಬಡದೆ. ಬಂತು. ಕೈ ಹೋಗಿಲ್ಲಂತ ಗೊತ್ತಾತಲ್ಲ, ಅಷ್ಟ ಸಾಕು ನನಗ."

"ನನಗ ಒಂದು ಮಾತು ಹೇಳಬಾರದಾ?"

"ನೀ ಎಷ್ಟು ಖುಷೀಲೆ ಮಾಡಿಕೊಟ್ಟಿದ್ದಿ. ಹೆಂಗ ಹೇಳ್ಲಿ?"

ಅವರು ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಒಬ್ಬ ಹೆಂಗಸನ್ನು ಎಂಟು ದಿನ ಅಳಿಸುವ ಅಡುಗೆಮನೆ ಮಾಡಿ, ಅದರ ಫೋಟೋ ತೋರಿಸಿಕೊಂಡು ತಿರುಗಾಡಿದ್ದೆ. ನಾಚಿಕೆಯಾಯಿತು.

ಅಷ್ಟರಲ್ಲಿ ನೇತ್ರಾವತಿ ಗೋಣಿತಾಟಿನ ಅಂಚಿಗೆ ಕೂತು ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿಕೊಂಡಿದ್ದರು. ಅನ್ನಮ್ಮ ಸಂಕೋಚ ಮರೆತು ನೆಂಚಿಕೊಳ್ಳಲು ಶೇಂಗಾ ಹಿಂಡಿ ಹಾಕಿಕೊಟ್ಟರು. ರೊಟ್ಟಿ ಮುಗಿಸಿ ಕೈ ಝಾಡಿಸುತ್ತ ನೇತ್ರಾವತಿ ನನ್ನನ್ನು ಕೇಳಿದರು.

"ನಿಮ್ಮವ್ವ ಅದಾರೇನ್ರಿ?"

"ಅದಾಳ್ರಿ. ಗುಂಜಹಳ್ಳ್ಯಾಗ, ನಮ್ಮಣ್ಣ ಪ್ರಭುರಾಜನ ಕೂಡ."

"ಅವರಿಗೂ ನೀವ ಕಟ್ಟಿ ಮಾಡಿಕೊಟ್ಟೀರೇನು?"

"ಮಾಡಿಕೊಟ್ಟೀನ್ರಿ. ಮೂರು ವರ್ಷಾತು."

"ಅದರ ಮ್ಯಾಲ ರೊಟ್ಟಿ ಬಡೀತಾರೇನು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಆ ಕಟ್ಟೆಯ ಮೇಲೆ ಅವ್ವ ಉಪ್ಪಿನಕಾಯಿ ಜಾಡಿ ಇಟ್ಟಿದ್ದಳು, ಅಣ್ಣ ತನ್ನ ಹೆಲ್ಮೆಟ್ ಇಡುತ್ತಿದ್ದ. ಅದರ ಕೆಳಗೆ ನೆಲಕ್ಕೆ ಕೂತೇ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಳ್ಳಿ ಹೆಂಗಸು, ಬದಲಾಗುವವಳಲ್ಲ ಎಂದು ಮೂರು ವರ್ಷದಿಂದ ಅವಳನ್ನೇ ಬೈದುಕೊಂಡು ಬಂದಿದ್ದೆ.

"ಇಲ್ರಿ," ಅಂದೆ.

ನೇತ್ರಾವತಿ ಎದ್ದು ಸೀರೆ ಕೊಡವಿಕೊಂಡರು. "ನಿಮ್ಮವ್ವ ನೀವು ಮಾಡಿದ ಕಟ್ಟಿ ಮ್ಯಾಲ ರೊಟ್ಟಿ ಬಡಿದ ದಿನ ನನಗ ಫೋನ್ ಮಾಡ್ರಿ. ಬಂದು ಉಂಡು ಹೋಗ್ತೀನಿ. ನನ್ನ ಮನಿ ಮಾತು ಆಮ್ಯಾಲ." ಅನ್ನಮ್ಮನವರಿಗೆ ಕೈಮುಗಿದು ಕಾರು ಹತ್ತಿದರು.

ಮರುದಿನವೇ ಜಹೀರುದ್ದೀನ್ ಚಾಚಾನನ್ನು ಕರೆದುಕೊಂಡು ಅನ್ನಮ್ಮನವರ ಮನೆಗೆ ಹೋದೆ. ಈ ಸಲ ಕ್ಯಾಟಲಾಗು ಮುಟ್ಟಲಿಲ್ಲ. ಗೋಡೆ ಅಳೆದಿದ್ದೆ, ಹೆಂಗಸನ್ನು ಅಳೆದಿರಲಿಲ್ಲ. ಅನ್ನಮ್ಮನವರನ್ನು ನಿಲ್ಲಿಸಿ ಮೊಣಕೈವರೆಗೆ ಟೇಪ್ ಹಿಡಿದೆ. ಚಾಚಾ ಒಂದು ಸ್ಟೂಲಿನ ಮೇಲೆ ಪ್ಲೈವುಡ್ ತುಂಡುಗಳನ್ನು ಪೇರಿಸಿ ಮೂವತ್ತು ಇಂಚು ಮಾಡಿದ. ಅನ್ನಮ್ಮ ನಿಂತು ಬಡಿದರು. ಅಂಚು ಹರಿಯಿತು. ಎರಡು ತುಂಡು ತೆಗೆದ. ರೊಟ್ಟಿ ದಪ್ಪವಾಯಿತು. ಇನ್ನೊಂದು ತೆಗೆದ.

"ಸನೇಕ ಬಂತು, ಇನ್ನೊಂಚೂರು ಅಷ್ಟ," ಅಂದರು ಅನ್ನಮ್ಮ. ಅವರ ಮುಖಕ್ಕೆ ಬೆವರಿನ ಜೊತೆ ಗೆಲುವೂ ಬಂದಿತ್ತು.

ಇಪ್ಪತ್ತಾರು ಇಂಚಿಗೆ ಇಳಿದಾಗ ಸದ್ದು ಬದಲಾಯಿತು. ಭುಜದ ಭಾರ ನೇರ ಅಂಗೈಗೆ ಇಳಿಯುತ್ತಿತ್ತು. ಹಿಟ್ಟಿನ ಉಂಡೆ ಹಲಗೆಯ ಮೇಲೆ ತಾನೇ ತಿರುಗುತ್ತ ಅಗಲವಾಯಿತು. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿದರು. ರೊಟ್ಟಿ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಉಬ್ಬಿತು. ಅನ್ನಮ್ಮ ನಿಂತೇ ಇದ್ದರು. ನನ್ನ ಹಟವೂ ಉಳಿಯಿತು, ಅವರ ರೊಟ್ಟಿಯೂ ಉಳಿಯಿತು. ಖುಷಿಗೆ ನಾನು ಚಾಚಾನ ಬೆನ್ನಿಗೆ ಗುದ್ದಿಬಿಟ್ಟೆ.

"ಅಳತಿ ನಿಮ್ದು, ಕೆಲಸ ನಂದು," ಅಂದ ಅವನು, ಮುಖ ಗಂಭೀರ ಮಾಡಿಕೊಂಡು. ಆ ಮಾತನ್ನು ಆರು ತಿಂಗಳಿಂದ ಜೋಪಾನವಾಗಿ ಇಟ್ಟುಕೊಂಡಿದ್ದ ಅಂತ ಕಾಣುತ್ತದೆ. ಫೋಟೋದಲ್ಲಿ ಎಲ್ಲಕ್ಕಿಂತ ಚೆಂದ ಕಾಣುತ್ತಿದ್ದ ಮೂಲೆಯ ಕಪಾಟನ್ನು ಅವತ್ತೇ ತೆಗೆಸಿ, ಅಲ್ಲಿ ತಗ್ಗಿನ ರೊಟ್ಟಿ ಕಟ್ಟೆ ಮಾಡಿಸಿದೆ.

ಭಾನುವಾರ ಗುಂಜಹಳ್ಳಿಗೆ ಹೋದೆ. ಅವ್ವ ನನ್ನ ಗ್ರಾನೈಟಿನ ಕೆಳಗೆ ಕೂತು ಹಿಟ್ಟು ನಾದುತ್ತಿದ್ದಳು.

"ಯವ್ವಾ, ಎದ್ದು ನಿಂದರಬೇ. ಅಳತಿ ತಗೋಬೇಕು."

"ಯಾಕ, ಕುಬಸ ಹೊಲಸಾಕತ್ತೀಯೇನು?"

ಗೋಡೆ ಹಿಡಿದು ಎದ್ದಳು. ಪಾದದಿಂದ ತಲೆಯವರೆಗೆ ಟೇಪ್ ಹಿಡಿದೆ. ನಾಲ್ಕಡಿ ಎಂಟು ಇಂಚು. ರಾಯಚೂರಿನ ಎಷ್ಟೋ ಮನೆಗಳ ಉದ್ದಗಲ ನನಗೆ ಬಾಯಿಪಾಠ, ನನ್ನವ್ವನ ಎತ್ತರ ಮಾತ್ರ ಅವತ್ತೇ ಗೊತ್ತಾದದ್ದು. ಮೊಣಕೈ ಹಿಡಿದಾಗ ಕೈ ಎಷ್ಟು ತೆಳ್ಳಗಿದೆ ಅನಿಸಿ ಕಣ್ಣು ತುಂಬಿ ಬಂತು.

"ತಪ್ಪು ನಂದಬೇ ಯವ್ವಾ. ಈ ಕಟ್ಟಿ ನಿನ್ನ ಕೇಳಿ ಮಾಡಬೇಕಿತ್ತು."

"ಕೇಳಿದ್ರ ಹೇಳ್ತಿದ್ದೆ," ಅಂದಳು ಅವ್ವ. "ನೀ ಕೇಳಾಕಿ ಎಲ್ಲಿ? ಬಂದಿ, ಕಲ್ಲು ಹಾಕಿಸಿದಿ, ಹೋದಿ." ಸೆರಗಿನಿಂದ ನನ್ನ ಕಣ್ಣೊರೆಸಿದಳು. ಆ ಸೆರಗಿಗೆ ಅಂಟಿದ್ದ ಹಿಟ್ಟು ನನ್ನ ಮುಖಕ್ಕಾಯಿತು.

ಅವಳ ಮೊಣಕಾಲಿಗೆ ಬಹಳ ಹೊತ್ತು ನಿಲ್ಲಲು ಆಗದು. ಅದಕ್ಕೆ ಚಾಚಾನನ್ನು ಕರೆಸಿ ಕೂತು ಬಡಿಯುವ ಕಟ್ಟೆ ಮಾಡಿದೆವು. ನೆಲದ ಮೇಲಲ್ಲ, ಸ್ಟೂಲಿನ ಮೇಲೆ ಕೂತು ಕಾಲು ಇಳಿಬಿಡುವಂತೆ, ಕಟ್ಟೆಯ ಕೆಳಗೆ ಕಾಲಿಗೆ ಜಾಗ ಬಿಟ್ಟು. ಗ್ಯಾಸನ್ನೂ ಅದೇ ಎತ್ತರಕ್ಕೆ ಇಳಿಸಿದೆವು. ಉಪ್ಪು, ಕಡ್ಡಿಪೆಟ್ಟಿಗೆಗೆ ಕೈಗೆಟುಕುವಲ್ಲಿ ಒಂದು ಮಾಡ. ಕೂತಾಗ ಕಣ್ಣಿಗೆ ಬೀಳುವ ಎತ್ತರಕ್ಕೆ ಒಂದು ಕಿಟಕಿ, ಅಂಗಳದ ಕುರಿಗಳು ಕಾಣಲಿ ಎಂದು. ಸ್ಟೂಲಿನ ಮೇಲೆ ಮಡಿಸಿ ಹಾಸಿದ ಅಪ್ಪನ ಹಳೆಯ ಕಂಬಳಿ. ಮೊದಲ ಎರಡು ದಿನ ಅವ್ವ ಗೊಣಗಿದಳು. ಮೂರನೆಯ ದಿನ ಅಣ್ಣ ಫೋನ್ ಮಾಡಿ, ಆಕೆ ಸ್ಟೂಲ್ ಬಿಟ್ಟು ಏಳುತ್ತಿಲ್ಲ, ಕಿಟಕಿಯಿಂದ ಓಣಿಯವರ ಜೊತೆ ಮಾತಿಗೆ ಕೂತಿದ್ದಾಳೆ ಅಂದ.

ಅವತ್ತೇ ನೇತ್ರಾವತಿಯವರಿಗೆ ಫೋನ್ ಮಾಡಿದೆ. ಮರುದಿನವೇ ಬಂದರು.

ಅವ್ವ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ನೇತ್ರಾವತಿ ಮೂರು ರೊಟ್ಟಿ ಉಂಡರು. ಅವ್ವ ಬಡಿಯುವುದನ್ನು, ಕಿಟಕಿಯಾಚೆ ನೋಡುವುದನ್ನು, ಕೂತಲ್ಲಿಂದಲೇ ಉಪ್ಪಿಗೆ ಕೈ ಚಾಚುವುದನ್ನು ನೋಡುತ್ತ ಕೂತರು. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕೈ ತೊಳೆದು ಬಂದು ಕಟ್ಟೆಯ ಮುಂದೆ ನಿಂತು ಹಲಗೆಯ ಮೇಲೆ ಅಂಗೈ ಊರಿದರು. ಅಷ್ಟೆತ್ತರದ ಹೆಂಗಸು ಸೊಂಟ ಮುರಿದಂತೆ ಬಗ್ಗಬೇಕಾಯಿತು.

"ಇದು ನನಗ ಭಾಳ ತಗ್ಗಾತು ನೋಡ್ರಿ," ಅಂದರು.

ಮುಗಿಯಿತು ಅಂದುಕೊಂಡೆ. ಚೀಕಲಪರ್ವಿಯ ಕಿಟಕಿ, ನದಿ, ಕಂಬಳಿಯ ಕಟ್ಟೆ ಎಲ್ಲ ಒಂದೇ ಸಲ ಕೈಬಿಟ್ಟು ಹೋದವು. ಬಾಗಿಲ ಚೌಕಟ್ಟು ಹಿಡಿದು ನಿಂತೆ.

ನೇತ್ರಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಇಲ್ಲದ ಪಾದ ಜೋಡಿಸಿ, ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತರು.

"ಹಂಗ್ಯಾಕ ನಿಂತೀರಿ? ಟೇಪ್ ತರ್ರಿ."

ಬ್ಯಾಗಿನಲ್ಲಿ ಟೇಪ್ ಸಿಗದೆ ನಾನು ತಡಕಾಡಿದೆ. ಅದು ಕುತ್ತಿಗೆಯಲ್ಲೇ ಇತ್ತು. ಅವ್ವ ಸ್ಟೂಲಿನ ಮೇಲಿಂದ ಹೇಳಿದಳು.

"ಮೊಣಕೈಯಿಂದ ಹಿಡಿ. ಮೊದಲ ಅವರು, ಗ್ವಾಡಿ ಆಮ್ಯಾಲ."